ಬರೆಯ ನಾಡಿಗೆ ಬಂದ ಆಘಾತ ತರಂಗ

ಟಿಪ್ಪು ಸುಲ್ತಾನನು ತನ್ನ ಅಶ್ವದಳಕ್ಕೆ ಬೇಕಾದ ಕುದುರೆಗಳನ್ನು ಬೆಳೆಸುವ ಉದ್ದೇಶದಿಂದ 1790ರ ಸುಮಾರಿನಲ್ಲಿ ತುಮಕೂರು ಸೀಮೆಯ ಕುಣಿಗಲ್ಲಿನಲ್ಲಿ ನೆಲೆಗೊಳಿಸಿದ ಅಶ್ವಶಾಲೆಯು, 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಇಂಗ್ಲಿಷರ ವಶಕ್ಕೂ, ಆ ಬಳಿಕ ಮೈಸೂರು ಸಂಸ್ಥಾನದ ಆಡಳಿತಕ್ಕೂ, ಸ್ವಾತಂತ್ರ್ಯಾನಂತರ ರಾಜ್ಯ ಸರ್ಕಾರದ ಕೈಗೂ ಬಂದು, ಕಾಲಕ್ರಮದಲ್ಲಿ ರಾವುತನನ್ನು ಹೊತ್ತು ಯುದ್ಧಕ್ಕೆ ಹೋಗುವ ಕುದುರೆಗೆ ಬದಲಾಗಿ ಪಂದ್ಯದಲ್ಲಿ ಓಡುವ ಕುದುರೆಯನ್ನು ಬೆಳೆಸುವ ಸ್ಥಳವಾಗಿ ಮಾರ್ಪಟ್ಟು, 1992ರಲ್ಲಿ ಖಾಸಗಿಯವರಿಗೆ ಗುತ್ತಿಗೆಗೆ ಹೋಯಿತು. ಒಡೆಯರು ಬದಲಾದರೂ ಅಲ್ಲಿನವರ ಒಂದು ಚಿಂತೆ ಮಾತ್ರ ಬದಲಾಗಲಿಲ್ಲ. ಅದು ಕುದುರೆಯ ಕಾಲಿನ ಚಿಂತೆ. ಮುಂಗಾಲಿನ ಮಂಡಿಯಿಂದ ಕೆಳಕ್ಕೆ ಕುದುರೆಗೆ ಮಾಂಸಖಂಡವು ಇಲ್ಲವೆನ್ನುವಷ್ಟು ವಿರಳ. ಅಲ್ಲಿ ಇರುವುದು ಎಲುಬು, ಅದರ ಹಿಂದೆ ಬಿಗಿದು ನಿಂತ ಸ್ನಾಯುರಜ್ಜುಗಳು, ಅವುಗಳ ಮೇಲೆ ತೆಳ್ಳನೆಯ ಚರ್ಮ. ನಾಲ್ಕೈದು ನೂರು ಕಿಲೋ ತೂಗುವ ಪ್ರಾಣಿಯು ನಾಗಾಲೋಟದಲ್ಲಿ ಹೋಗುವಾಗ ಅದರ ದೇಹದ ಭಾರವೆಲ್ಲವನ್ನೂ ಕ್ಷಣಮಾತ್ರವಾದರೂ ಒಂದೇ ಕಾಲಿನ ರಜ್ಜುಗಳು ತಾಳಬೇಕಾಗುವುದರಿಂದ, ಆ ರಜ್ಜುವಿನ ಕೆಲವೇ ಎಳೆಗಳು ಹರಿದರೂ ಸಾಕು, ಸಾವಿರಾರು ವರಹ ಬೆಲೆಯ ಕುದುರೆ ಲಾಯದಲ್ಲಿ ಕುಂಟುತ್ತ ನಿಲ್ಲುತ್ತಿತ್ತು.

ಮನುಷ್ಯರ ಹಳೆಯ ನೋವುಗಳನ್ನು ಕುರಿತು ಬರೆಯಹೊರಟವನು ಕುದುರೆಯ ಕಾಲಿನಿಂದ ಆರಂಭಿಸುವುದಕ್ಕೆ ಕಾರಣವುಂಟು. ಬೆಳಗ್ಗೆ ಎದ್ದು ಮೊದಲ ಹೆಜ್ಜೆಯಿಡುವಾಗ ಮುಳ್ಳಿನಂತೆ ಚುಚ್ಚುವ ಹಿಮ್ಮಡಿ ನೋವು, ತೋಳನ್ನು ತಲೆಯ ಮೇಲಕ್ಕೆ ಎತ್ತಲು ಬಿಡದ ಭುಜದ ನೋವು, ನೀರಿನ ಚೊಂಬನ್ನು ಹಿಡಿದರೂ ಚಳಕು ಹೊಡೆಯುವ ಮೊಣಕೈ ನೋವು, ಇವೆಲ್ಲ ಬಹುಮಟ್ಟಿಗೆ ರಜ್ಜುವೋ ತಂತುಪಟ್ಟಿಯೋ ಎಲುಬಿಗೆ ಅಂಟಿಕೊಳ್ಳುವ ಎಡೆಯಲ್ಲಿ ಹುಟ್ಟುವ ವ್ಯಾಧಿಗಳು. ಅಲ್ಲಿ ರಕ್ತಸಂಚಾರವು ಸ್ವಭಾವತಃ ಮಂದವಾದುದರಿಂದ ಹರಿದ ಎಳೆ ಬೇಗನೆ ಕೂಡಿಕೊಳ್ಳದು. ದೇಹವು ಮೊದಮೊದಲು ಅಲ್ಲಿಗೆ ಕಳುಹಿಸಿದ ರಿಪೇರಿಯ ಸಾಮಗ್ರಿಯನ್ನು ಕೆಲವು ವಾರಗಳ ಮೇಲೆ ನಿಲ್ಲಿಸಿಬಿಡುತ್ತದೆ. ನೋವು ಮಾತ್ರ ಉಳಿದುಬಿಡುತ್ತದೆ. ಹೀಗೆ ಉಪೇಕ್ಷಿತವಾದ ಸ್ಥಳದ ಕಡೆಗೆ ದೇಹದ ಗಮನವನ್ನು ಮತ್ತೆ ತಿರುಗಿಸುವುದು ಹೇಗೆಂಬ ಪ್ರಶ್ನೆಗೆ ಈ ಸೀಮೆಯಲ್ಲಿ ಶತಮಾನಗಳ ಕಾಲ ದೊರೆತ ಉತ್ತರ ಬೆಂಕಿ; ಇತ್ತೀಚೆಗೆ ದೊರೆತ ಉತ್ತರ ಆಘಾತ ತರಂಗ. ಇವೆರಡಕ್ಕೂ ಜೊತೆಯಾಗಿ ಬೇಕಾದ ಮೂರನೆಯದೊಂದುಂಟು. ಅದು ಕುದುರೆಗೆ ದೊರೆತಷ್ಟು ಸುಲಭವಾಗಿ ಕುದುರೆಗೆ ಹುಲ್ಲು ಹಾಕುವವನಿಗೆ ಎಂದೂ ದೊರೆಯಲಿಲ್ಲವೆಂಬುದನ್ನು ಹೇಳುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಪಶುಗಳ ವೈದ್ಯವನ್ನು ಕುರಿತು ಕನ್ನಡದಲ್ಲಿ ಗ್ರಂಥರಚನೆ ಬಹು ಹಿಂದೆಯೇ ನಡೆದಿದೆ. ಚಾಲುಕ್ಯ ರಾಜವಂಶದ ಕೀರ್ತಿವರ್ಮನು 12ನೆಯ ಶತಮಾನದ ಆದಿಭಾಗದಲ್ಲಿ ‘ಗೋವೈದ್ಯ’ವನ್ನು ಬರೆದನು, ಅನಂತರದ ಕಾಲದಲ್ಲಿ ಅಭಿನವಚಂದ್ರನು ಅಶ್ವವೈದ್ಯವನ್ನು ಕನ್ನಡದಲ್ಲಿ ನಿರೂಪಿಸಿದನು. ಆದರೆ ಲಾಯಗಳಲ್ಲಿಯೂ ದಂಡಿನಲ್ಲಿಯೂ ಕೆಲಸ ಮಾಡುತ್ತಿದ್ದವರು ಗ್ರಂಥ ಹಿಡಿದ ಪಂಡಿತರಲ್ಲ, ಸಾಲೋತ್ರಿಗಳೆಂದು ಕರೆಸಿಕೊಳ್ಳುತ್ತಿದ್ದ ದೇಶೀಯ ಅಶ್ವವೈದ್ಯರು ಮತ್ತು ಲಾಳ ಕಟ್ಟುವವರು. ಇವರ ಕೈಯಲ್ಲಿದ್ದ ದೊಡ್ಡ ಅಸ್ತ್ರ ಕಾದ ಕಬ್ಬಿಣ. ಬಾತ ರಜ್ಜುವಿನ ಉದ್ದಕ್ಕೂ ಸಮಾನಾಂತರವಾಗಿ ಗೆರೆಗಳನ್ನೆಳೆಯುವುದು ಒಂದು ಕ್ರಮ, ಮೊನಚಾದ ಸಲಾಕೆಯಿಂದ ಸಾಲುಸಾಲಾಗಿ ಚುಕ್ಕೆಯಿಡುವುದು ಇನ್ನೊಂದು ಕ್ರಮ. ಇಂಗ್ಲಿಷ್ ದಂಡಿನ ಪಶುವೈದ್ಯರೂ ತಮ್ಮ ದೇಶದಿಂದ ಇದೇ ವಿದ್ಯೆಯನ್ನು ಕಲಿತು ಬಂದಿದ್ದರಾದ್ದರಿಂದ ಈ ವಿಷಯದಲ್ಲಿ ಪೂರ್ವ ಪಶ್ಚಿಮಗಳಿಗೆ ಭೇದವಿರಲಿಲ್ಲ. ಸುಟ್ಟ ಗಾಯವು ಹೊಸ ರಕ್ತವನ್ನು ಕರೆಯುತ್ತದೆ, ಹೊಸ ರಕ್ತವು ಹಳೆಯ ರಜ್ಜುವನ್ನು ಕೂಡಿಸುತ್ತದೆ ಎಂಬ ನಂಬಿಕೆ ಇಬ್ಬರಿಗೂ ಸಮಾನವಾಗಿತ್ತು.

ಕುದುರೆಗೆ ಮಾಡಿದುದನ್ನೇ ಎತ್ತಿಗೂ ಮಾಡಿದರು. ತುಮಕೂರು ಸೀಮೆಯ ಅನೇಕ ಕಾವಲುಗಳು ಅಮೃತಮಹಲ್ ದನಗಳು ಮೇಯುತ್ತಿದ್ದ ಹುಲ್ಲುಗಾವಲುಗಳು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಿಂದ ಬೆಳೆದು ಹೈದರ್ ಟಿಪ್ಪುಗಳ ಫಿರಂಗಿಗಳನ್ನೆಳೆದ ಆ ದನಗಳ ಮತ್ತು ಅವುಗಳ ಸೋದರ ತಳಿಯಾದ ಹಳ್ಳಿಕಾರ್ ಎತ್ತುಗಳ ಹೆಗಲು ಬಾತಾಗಲೂ ಕಾಲು ಕುಂಟಿದಾಗಲೂ ರೈತನಿಗೆ ಮೊದಲು ಹೊಳೆಯುತ್ತಿದ್ದುದು ಬರೆ. ಎತ್ತಿಗೆ ಗುಣವಾದುದು ಮನುಷ್ಯನಿಗೇಕೆ ಆಗಬಾರದು? ಹೀಗಾಗಿ ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ವಯಸ್ಸಾದವರ ಮಂಡಿಯನ್ನೋ ಸೊಂಟವನ್ನೋ ಹಿಮ್ಮಡಿಯನ್ನೋ ನೋಡಿದರೆ ಬೇಳೆಕಾಳಿನಷ್ಟು ಅಗಲದ ಒಂದೆರಡು ಹೊಳೆಯುವ ಕಲೆಗಳು ಇಂದಿಗೂ ಕಣ್ಣಿಗೆ ಬೀಳುತ್ತವೆ.

ಬರೆ ಹಾಕುವವನ ಕೆಲಸದಲ್ಲಿ ಒಂದು ಕ್ರಮವಿತ್ತು. ಅದನ್ನು ಇಲ್ಲಿ ವಿವರಿಸಬೇಕು, ಏಕೆಂದರೆ ಮುಂದೆ ಅದು ಪ್ರಯೋಜನಕ್ಕೆ ಬರುತ್ತದೆ. ಆತನು ಮೊದಲು ಹೆಬ್ಬೆರಳಿನಿಂದ ನೋವಿನ ಸುತ್ತಲ ಪ್ರದೇಶವನ್ನೆಲ್ಲ ಒತ್ತುತ್ತ ಬರುವನು. ಎಲ್ಲಿ ಒತ್ತಿದಾಗ ರೋಗಿಯು ಹೌಹಾರಿ ಕಾಲು ಹಿಂದಕ್ಕೆ ಸೆಳೆದುಕೊಳ್ಳುವನೋ ಅಲ್ಲಿ ಮಸಿಯಿಂದ ಗುರುತಿಡುವನು. ಎಣ್ಣೆಯಲ್ಲಿ ಅದ್ದಿ ಹೊತ್ತಿಸಿದ ಅರಿಸಿನದ ಕೊಂಬನ್ನೋ ಕಾಯಿಸಿದ ಕಬ್ಬಿಣದ ಕಡ್ಡಿಯನ್ನೋ ಆ ಗುರುತಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ತಾಗಿಸಿ ತೆಗೆಯುವನು. ಮೇಲೆ ಬೆಣ್ಣೆಯನ್ನೋ ಹರಳೆಣ್ಣೆಯನ್ನೋ ಸವರುವನು. ಇದರ ಮೂಲ ಶಾಸ್ತ್ರದಲ್ಲಿಯೂ ಉಂಟು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 12ನೆಯ ಅಧ್ಯಾಯವು ಅಗ್ನಿಕರ್ಮಕ್ಕೇ ಮೀಸಲಾಗಿದ್ದು, ಚರ್ಮ, ಮಾಂಸ, ಸಿರೆ, ಸ್ನಾಯು, ಸಂಧಿ, ಅಸ್ಥಿಗಳಲ್ಲಿ ವಾಯುವು ನೆಲೆಸಿ ಉಗ್ರವೇದನೆಯನ್ನುಂಟುಮಾಡಿದಾಗ ದಹನವನ್ನು ವಿಧಿಸುತ್ತದೆ; ಚರ್ಮಕ್ಕಾದರೆ ಹಿಪ್ಪಲಿ, ಆಡಿನ ಹಿಕ್ಕೆ, ಹಸುವಿನ ಹಲ್ಲು, ಬಾಣದ ಮೊನೆ, ಶಲಾಕೆ, ಇನ್ನೂ ಆಳಕ್ಕೆ ಹೋಗಬೇಕಾದರೆ ಕಾದ ಜೇನು, ಬೆಲ್ಲ, ಎಣ್ಣೆ ತುಪ್ಪಗಳೆಂದು ಸಾಧನಗಳನ್ನೂ, ಬಿಂದು, ವಲಯ, ರೇಖೆ ಎಂದು ಆಕಾರಗಳನ್ನೂ ವಿಂಗಡಿಸುತ್ತದೆ; ಪ್ರಾಣಾಪಾಯದ ಸಂದರ್ಭವನ್ನು ಬಿಟ್ಟು ಶರದೃತು ಗ್ರೀಷ್ಮಋತುಗಳಲ್ಲಿ ಕೂಡದೆಂದು ನಿಷೇಧಿಸುತ್ತದೆ. ಶಾಸ್ತ್ರದಲ್ಲಿದ್ದ ಈ ವಿವೇಚನೆಯು ಹಳ್ಳಿಯ ಬರೆಯಲ್ಲಿ ಉಳಿಯಲಿಲ್ಲವೆಂಬುದು ವ್ಯಸನದ ವಿಷಯ. ಕಾಮಾಲೆಗೂ ಹೊಟ್ಟೆಯುಬ್ಬರಕ್ಕೂ ಎಳೆಯ ಶಿಶುಗಳ ಹೊಟ್ಟೆಯ ಮೇಲೆ ಬರೆಯೆಳೆದು, ಗಾಯ ಕೀವಾಗಿ, ನಂಜೇರಿ ಕೂಸುಗಳನ್ನು ಕಳೆದುಕೊಂಡ ತಾಯಂದಿರು ನಮ್ಮ ನಾಡಿನಲ್ಲಿ ಕಡಮೆಯಿಲ್ಲ. ಬರೆಯ ಚರಿತ್ರೆಯನ್ನು ಬರೆಯುವವನು ಇದನ್ನು ಮರೆಮಾಚಿದರೆ ಅದು ಚರಿತ್ರೆಯಾಗದು.

ಬೆಂಕಿಯಷ್ಟು ಕ್ರೂರವಲ್ಲದ ಉಪಾಯಗಳೂ ಮನೆಮನೆಯಲ್ಲಿದ್ದುವು. ಲಕ್ಕಿ ಸೊಪ್ಪನ್ನು ಕುದಿಸಿದ ನೀರಿನ ಹಬೆ, ಬಟ್ಟೆಯಲ್ಲಿ ಕಟ್ಟಿ ಹಂಚಿನ ಮೇಲೆ ಬಿಸಿಮಾಡಿದ ಮರಳಿನ ಗಂಟು, ಹಿಮ್ಮಡಿ ನೋವಿಗೆ ಒಲೆಯಲ್ಲಿ ಕಾಯಿಸಿದ ಇಟ್ಟಿಗೆಯ ಮೇಲೆ ಎಕ್ಕದ ಎಲೆಯನ್ನು ಹರಡಿ ಅದರ ಮೇಲೆ ಕಾಲೂರಿ ನಿಲ್ಲುವುದು, ಇವು ಎಲ್ಲರಿಗೂ ತಿಳಿದವೇ. ಸೊಂಟ ಉಳುಕಿದವನು ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿಕೊಂಡು ಹೋಗಿ ಬೆನ್ನಿಗೆ ಒದೆಸಿಕೊಂಡು ಬರುತ್ತಿದ್ದನು. ಮೂಳೆ ಮುರಿದವನಿಗೆ ಪುತ್ತೂರು ಕಟ್ಟು. ಇವೆಲ್ಲ ವರ್ತಮಾನದಲ್ಲಿಯೂ ಬದುಕಿವೆ. ಸಕ್ಕರೆ ಕಾಯಿಲೆಯಿಂದ ಅಂಗಾಲಿನ ಸ್ಪರ್ಶಜ್ಞಾನವನ್ನು ಕಳೆದುಕೊಂಡವರು ಬಿಸಿ ಇಟ್ಟಿಗೆಯ ಮೇಲೆ ನಿಂತು ಕಾಲು ಸುಟ್ಟುಕೊಂಡು ಆಸ್ಪತ್ರೆಗೆ ಬರುವುದೂ ನಡೆದೇ ಇದೆ.

ಈ ಸೀಮೆಯ ನೋವುಗಳನ್ನು ಹುಟ್ಟಿಸಿದವು ಇಲ್ಲಿನ ಕಸುಬುಗಳೇ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ತೆಂಗಿನಕಾಯಿಯನ್ನು ಬಲವಾಗಿ ಚುಚ್ಚಿ, ಮೊಣಕೈಯನ್ನು ಒಳಕ್ಕೆ ತಿರುಚಿ, ಮಟ್ಟೆಯನ್ನು ಸಿಗಿದು ತೆಗೆಯುವ ಕೆಲಸವನ್ನು ಗುಬ್ಬಿಯ ಸುತ್ತಲಿನ ತೋಟಗಳಲ್ಲಿ ಒಮ್ಮೆ ನಿಂತು ನೋಡಿದವರಿಗೆ, ಒಂದು ದಿನಕ್ಕೆ ಆ ಮಣಿಕಟ್ಟು ಮೊಣಕೈಗಳು ಅದೆಷ್ಟು ಸಲ ಒಂದೇ ಭಂಗಿಯಲ್ಲಿ ತಿರುಗುತ್ತವೆಂಬುದು ಮನವರಿಕೆಯಾಗುತ್ತದೆ. ಮರ ಹತ್ತಿ ಕಾಯಿ ಕೀಳುವವರಿಗೆ ಭುಜ ಮತ್ತು ಅಂಗಾಲು. ಕುಳಿತು ಅಡಕೆ ಸುಲಿಯುವ ಹೆಂಗಸರಿಗೆ ಕತ್ತು ಸೊಂಟಗಳು. ತುಮಕೂರಿನ ಬೀಡಿ ಕಟ್ಟುವವರಿಗೂ ಊದುಬತ್ತಿ ಹೊಸೆಯುವವರಿಗೂ ಹೆಬ್ಬೆರಳ ಬುಡ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ, ಅದನ್ನು ನಡೆಸಿದ ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ ನಾಟಕಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಚನ್ನಬಸವೇಶ್ವರ ನಾಟಕ ಮಂಡಲಿಯ ನಟರು, ಭಾರವಾದ ಕಿರೀಟ ಭುಜಕೀರ್ತಿಗಳನ್ನು ಧರಿಸಿ ಬೆಳಗಿನ ಜಾವದವರೆಗೆ ಹಲಗೆಯ ಮೇಲೆ ಹೆಜ್ಜೆ ಹಾಕಿದ ಮರುದಿನ ಹಿಮ್ಮಡಿಗೆ ಏನು ಮಾಡಿಕೊಳ್ಳುತ್ತಿದ್ದರೆಂಬ ಯೋಚನೆಯೂ ನನಗೆ ಆಗಾಗ ಬರುವುದುಂಟು. 1978ರಲ್ಲಿ ಎಚ್.ಎಂ.ಟಿ. ಗಡಿಯಾರ ಕಾರ್ಖಾನೆಯು ತುಮಕೂರಿಗೆ ಬಂದಾಗ ಕಣ್ಣಿಗೆ ಭೂತಗಾಜನ್ನಿಟ್ಟು ಬಗ್ಗಿ ಕೂರುವ ಹೊಸ ಭಂಗಿಯೂ, ಅದರೊಡನೆ ಕತ್ತಿನ ಹೊಸ ನೋವೂ ಬಂದುವು.

ಬರೆಯಿಂದ ಕೆಲವರಿಗೆ ಗುಣವಾದುದು ಸುಳ್ಳೆ? ಇದಕ್ಕೆ ಉತ್ತರವನ್ನು ಮೊದಲು ಕೊಟ್ಟವರು ಕುದುರೆಗಳ ವೈದ್ಯರೇ. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ವಿದ್ವಾಂಸರು ಕುದುರೆಗಳ ರಜ್ಜುಗಳ ಮೇಲೆ ಕಾದ ಕಬ್ಬಿಣದ ಪರಿಣಾಮವನ್ನು ವಿವರವಾಗಿ ಪರೀಕ್ಷಿಸಿ 1983ರಲ್ಲಿ ಪ್ರಕಟಿಸಿದ ವರದಿಯು, ದಹನದಿಂದ ರಜ್ಜುವು ಬೇಗ ಕೂಡಿಕೊಳ್ಳುವುದಿಲ್ಲವೆಂದು ತೋರಿಸಿತು. ಹಾಗಾದರೆ ಸುಟ್ಟ ಕುದುರೆಗಳು ಮತ್ತೆ ಓಡಿದುದು ಹೇಗೆ? ಕಾಲು ಸುಟ್ಟ ಕುದುರೆಯನ್ನು ಯಾರೂ ಮರುದಿನ ಓಡಿಸರು. ತಿಂಗಳುಗಟ್ಟಲೆ ಲಾಯದಲ್ಲಿ ಕಟ್ಟಿ, ಅನಂತರ ನಡೆಸಿ, ಅನಂತರ ಮೆಲ್ಲನೆ ಓಡಿಸುವರು. ಗುಣ ಕೊಟ್ಟುದು ಆ ವಿರಾಮ. ಕೀರ್ತಿ ಪಡೆದುದು ಕಬ್ಬಿಣ. ಬರೆ ಹಾಕಿಸಿಕೊಂಡ ರೈತನಿಗಾದರೋ ಗಾಯ ಮಾಯುವವರೆಗೆ ಮನೆಯಲ್ಲಿ ಕೂರುವುದಕ್ಕೆ ಒಂದು ನೆಪ ಸಿಕ್ಕುತ್ತಿತ್ತು. ಆ ನೆಪವೇ ಅವನ ಔಷಧ.

ಇವೇ ನೋವುಗಳಿಗೆ ಯಂತ್ರ ಹಿಡಿದು ಬಂದ ಭೌತಚಿಕಿತ್ಸೆಯು ಒಂದು ವೃತ್ತಿಯಾಗಿ ಭಾರತಕ್ಕೆ ಬಂದುದು ಪೋಲಿಯೋ ರೋಗದ ಹಿಂದೆಯೇ. 1950ರ ದಶಕದ ಆದಿಯಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಅದರ ಶಿಕ್ಷಣ ಆರಂಭವಾಯಿತು. 1955ರಲ್ಲಿ ಭಾರತೀಯ ಭೌತಚಿಕಿತ್ಸಕರ ಸಂಘ ಹುಟ್ಟಿತು. ತುಮಕೂರಿನಲ್ಲಿ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜು 1988ರಲ್ಲಿ ಸ್ಥಾಪಿತವಾಯಿತು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ರೂಪುಗೊಂಡ ಮೇಲೆ ರಾಜ್ಯದ ಭೌತಚಿಕಿತ್ಸಾ ಪದವೀಧರರು ಜಿಲ್ಲಾಕೇಂದ್ರಗಳಿಗೂ, ಅಲ್ಲಿಂದ ತಾಲ್ಲೂಕು ಪಟ್ಟಣಗಳಿಗೂ ಹರಡಿದರು. ಅವರ ಕೋಣೆಗಳಲ್ಲಿ ಮೇಣದ ತೊಟ್ಟಿ, ಡಯಾಥರ್ಮಿ, ಅಲ್ಟ್ರಾಸೌಂಡ್, ಐ.ಎಫ್.ಟಿ. ಎಂದು ಒಂದರ ಬೆನ್ನಿಗೆ ಒಂದು ಯಂತ್ರ ಬಂದು ಕುಳಿತುವು. ಜನರಿಗೆ ಇವೆಲ್ಲವೂ ಒಂದೇ. “ಕರೆಂಟ್ ಇಡಿಸ್ಕೊಂಡು ಬಂದೆ” ಎಂದರೆ ಮುಗಿಯಿತು.

ಇನ್ನು ಆಘಾತ ತರಂಗದ ಜನ್ಮವೃತ್ತಾಂತ. ಇದು ಆಸ್ಪತ್ರೆಯಲ್ಲಿ ಹುಟ್ಟಿದುದಲ್ಲ, ವಿಮಾನದ ಕಾರ್ಖಾನೆಯಲ್ಲಿ ಹುಟ್ಟಿದುದು. ಜರ್ಮನಿಯ ಕಾನ್‌ಸ್ಟನ್ಸ್ ಸರೋವರದ ತೀರದ ಫ್ರೀಡ್ರಿಕ್ಸ್‌ಹಾಫೆನ್ ಪಟ್ಟಣದಲ್ಲಿದ್ದ ಡಾರ್ನಿಯರ್ ಸಂಸ್ಥೆಯವರು 1960ರ ದಶಕದಲ್ಲಿ, ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಗಳ ಮೈಗೆ ಮಳೆಯ ಹನಿಗಳು ಬಡಿದಾಗ ಲೋಹದ ಒಳಗೆ ಏನಾಗುತ್ತದೆಂಬುದನ್ನು ಶೋಧಿಸುತ್ತಿದ್ದರು. ಅತಿವೇಗದ ಗುಂಡು ಲೋಹದ ಗುರಿಗೆ ಬಡಿಯುವ ಕ್ಷಣದಲ್ಲಿ ಆ ಗುರಿಯನ್ನು ಅಕಸ್ಮಾತ್ತಾಗಿ ಮುಟ್ಟಿದ ಕೆಲಸಗಾರನೊಬ್ಬನಿಗೆ ಮೈಯೊಳಗೆ ವಿದ್ಯುತ್ತು ಹರಿದಂತಾಯಿತೆಂದೂ, ಅಳೆದು ನೋಡಿದರೆ ವಿದ್ಯುತ್ತು ಎಳ್ಳಷ್ಟೂ ಇರಲಿಲ್ಲವೆಂದೂ, ಲೋಹದಿಂದ ಕೈಗೆ ದಾಟಿದುದು ಆಘಾತದ ಅಲೆಯೆಂದೂ ಆ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ನಮ್ಮ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯು 1983ರಿಂದ ಪರವಾನಗಿ ಪಡೆದು ಕಾನ್ಪುರದಲ್ಲಿ ಕಟ್ಟುತ್ತಿರುವ ಪುಟ್ಟ ವಿಮಾನವೂ ಡಾರ್ನಿಯರ್ ಸಂಸ್ಥೆಯದೇ. ಅದೇ ಹಿಂದೂಸ್ತಾನ್ ಏರೋನಾಟಿಕ್ಸ್‌ನ ಹೆಲಿಕಾಪ್ಟರ್ ಕಾರ್ಖಾನೆಯು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆ ನೆಲದಲ್ಲಿ ಎದ್ದು, 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ವಿಮಾನವಿದ್ಯೆಯಿಂದ ಹುಟ್ಟಿದ ಚಿಕಿತ್ಸೆಯೂ ವಿಮಾನವಿದ್ಯೆಯೂ ಹೆಚ್ಚುಕಡಮೆ ಒಂದೇ ಕಾಲದಲ್ಲಿ ಈ ಸೀಮೆಗೆ ಬಂದುವೆಂಬುದು ನನಗೆ ಸಂತೋಷ ಕೊಟ್ಟ ಸಂಗತಿ.

ಲೋಹವನ್ನು ಒಡೆಯುವ ಅಲೆಯು ಮೃದುವಾದ ಮಾಂಸದ ಮೂಲಕ ಹಾನಿಯಿಲ್ಲದೆ ಹಾದು ಗಟ್ಟಿಯಾದ ಕಲ್ಲನ್ನು ಮಾತ್ರ ಒಡೆಯಬಲ್ಲುದೆ ಎಂಬ ಪ್ರಶ್ನೆಯನ್ನು ಹಿಡಿದು ಮ್ಯೂನಿಕ್ಕಿನ ವೈದ್ಯರು ಮುಂದುವರಿದರು. ಕ್ರಿಶ್ಚಿಯನ್ ಶೌಸಿ ಮತ್ತು ಅವರ ಸಹೋದ್ಯೋಗಿಗಳು 1980ರ ಫೆಬ್ರವರಿ 7ರಂದು, ರೋಗಿಯನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ನೀರಿನೊಳಗೆ ಸಿಡಿಸಿದ ವಿದ್ಯುತ್ ಕಿಡಿಯಿಂದ ಹುಟ್ಟಿದ ಅಲೆಯನ್ನು ಅಂಡಾಕಾರದ ಪ್ರತಿಫಲಕದಿಂದ ಒಂದು ಬಿಂದುವಿಗೆ ಕೂಡಿಸಿ, ಮೂತ್ರಪಿಂಡದ ಕಲ್ಲನ್ನು ಚಾಕುವಿಲ್ಲದೆ ಪುಡಿಮಾಡಿದರು. 1980ರ ದಶಕ ಮುಗಿಯುವುದರೊಳಗೆ ಅಂತಹ ಯಂತ್ರಗಳು ಭಾರತದ ದೊಡ್ಡ ನಗರಗಳಿಗೂ ಬಂದುವು. ಕಲ್ಲನ್ನು ಒಡೆಯುವ ಅಲೆ ದಾರಿಯಲ್ಲಿ ಸಿಕ್ಕಿದ ಎಲುಬಿಗೆ ಕೇಡು ಮಾಡೀತೆ ಎಂಬ ಸಂಶಯದಿಂದ ಪ್ರಾಣಿಗಳ ಮೇಲೆ ಪರೀಕ್ಷೆ ನಡೆಸಿದವರಿಗೆ ಅನಿರೀಕ್ಷಿತವಾದ ಫಲ ದೊರೆಯಿತು: ಎಲುಬು ಕೆಡುವುದಿರಲಿ, ಅಲೆ ತಾಗಿದ ಕಡೆ ಹೊಸ ಎಲುಬನ್ನು ಕಟ್ಟುವ ಕಣಗಳು ಚುರುಕಾಗುತ್ತಿದ್ದುವು. ಬಲ್ಗೇರಿಯದ ವಲ್ಚಾನೊವ್ ಮತ್ತು ಮಿಖಾಯ್ಲೊವ್ 1991ರಲ್ಲಿ, ಕೂಡದೆ ಉಳಿದ ಮುರಿತಗಳಿದ್ದ 82 ಮಂದಿಗೆ ಈ ಚಿಕಿತ್ಸೆ ಕೊಟ್ಟು ನೂರಕ್ಕೆ ಸುಮಾರು 85ರಷ್ಟು ಗುಣವಾಯಿತೆಂದು ವರದಿ ಮಾಡಿದರು. ಅಲ್ಲಿಂದ ಭುಜದ ರಜ್ಜುವಿನಲ್ಲಿ ಕೂಡಿದ ಸುಣ್ಣಕ್ಕೂ, ಮೊಣಕೈಗೂ, ಹಿಮ್ಮಡಿಗೂ ಅದು ವ್ಯಾಪಿಸಿತು. 2000ದಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಹಿಮ್ಮಡಿ ನೋವಿಗಾಗಿ ಮೊದಲ ಯಂತ್ರಕ್ಕೆ ಒಪ್ಪಿಗೆಯಿತ್ತಿತು. ಕುದುರೆಗಳ ವೈದ್ಯರೂ 1990ರ ದಶಕದಲ್ಲಿಯೇ ಅದನ್ನು ಕೈಗೆತ್ತಿಕೊಂಡರು. ಕಾದ ಕಬ್ಬಿಣವನ್ನು ಕೈಬಿಟ್ಟ ಜಾಗದಲ್ಲಿಯೇ ಅವರು ಈ ಹೊಸ ಸಲಕರಣೆಯನ್ನಿಟ್ಟರು.

ನಮ್ಮ ತಾಲ್ಲೂಕು ಪಟ್ಟಣಗಳ ಭೌತಚಿಕಿತ್ಸಾಲಯಗಳಲ್ಲಿ ಬಹುಮಟ್ಟಿಗೆ ಕಾಣುವುದು ಆ ಬೃಹದ್ಯಂತ್ರದ ಕಿರಿಯ ಸೋದರ. 1990ರ ದಶಕದ ಕೊನೆಗೆ ಸ್ವಿಟ್ಜರ್ಲೆಂಡಿನಲ್ಲಿ ರೂಪುಗೊಂಡ ಈ ಕ್ರಮದಲ್ಲಿ ಕಿಡಿಯಿಲ್ಲ, ನೀರಿನ ತೊಟ್ಟಿಯಿಲ್ಲ. ಪಿಸ್ತೂಲಿನ ಹಿಡಿಯಂತಹ ಸಲಕರಣೆಯೊಳಗೆ ಒತ್ತಿ ತುಂಬಿದ ಗಾಳಿಯು ಒಂದು ಪುಟ್ಟ ಲೋಹದ ತುಂಡನ್ನು ಮುಂದಕ್ಕೆ ದೂಡಿ ತುದಿಯ ಗುಂಡಿಗೆ ಬಡಿಸುತ್ತದೆ. ಆ ಪೆಟ್ಟು ಚರ್ಮದಿಂದ ಒಳಕ್ಕೆ, ಕೆರೆಗೆ ಕಲ್ಲೆಸೆದಾಗ ಅಲೆ ಹರಡುವಂತೆ ಹರಡುತ್ತ, ಮೂರು ನಾಲ್ಕು ಸೆಂಟಿಮೀಟರು ಹೋಗುವಷ್ಟರಲ್ಲಿ ಕ್ಷೀಣಿಸುತ್ತದೆ. ಮೂಲದ ಅಲೆಯಲ್ಲಿ ಒತ್ತಡವು ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಭಾಗಗಳಷ್ಟು ಕಾಲದಲ್ಲಿ ಶಿಖರಕ್ಕೇರುವುದಾದರೆ ಇದರಲ್ಲಿ ಅದು ಸಾವಿರ ಪಾಲು ನಿಧಾನ. ಆದುದರಿಂದ ಭೌತಶಾಸ್ತ್ರದ ನಿಷ್ಠುರ ದೃಷ್ಟಿಯಿಂದ ಇದನ್ನು ಆಘಾತ ತರಂಗವೆನ್ನಲಾಗದು, ಒತ್ತಡದ ಅಲೆಯೆನ್ನಬೇಕು. ಆಳದ ರಜ್ಜುವಿಗೆ ಮೊದಲನೆಯದು, ಚರ್ಮಕ್ಕೆ ಹತ್ತಿರವಿರುವ ಹಿಮ್ಮಡಿ ಮೊಣಕೈಗಳಿಗೆ ಎರಡನೆಯದು ಹೊಂದುತ್ತದೆ. ಈ ಭೇದವನ್ನು ರೋಗಿಗೆ ತಿಳಿಸುವುದು ಚಿಕಿತ್ಸಕರ ಕರ್ತವ್ಯವೆಂದು ನನ್ನ ಭಾವನೆ.

ತುಮಕೂರಿನ ಅಂತಹ ಒಂದು ಕೋಣೆಯಲ್ಲಿ ನಾನು ಕಂಡುದು ಹೀಗೆ. ಗುಬ್ಬಿಯ ಕಡೆಯಿಂದ ಬಂದಿದ್ದ, ಅರುವತ್ತರ ಸಮೀಪದ ತಾಯಿಯೊಬ್ಬರು ಮಂಚದ ಮೇಲೆ ಬೋರಲಾಗಿ ಮಲಗಿದ್ದರು. ಮಗನ ವಯಸ್ಸಿನ ಚಿಕಿತ್ಸಕನು ಹಿಮ್ಮಡಿಯ ತಳವನ್ನು ಹೆಬ್ಬೆರಳಿನಿಂದ ಅಂಗುಲ ಅಂಗುಲವಾಗಿ ಒತ್ತುತ್ತ, “ಇಲ್ಲೇನಮ್ಮಾ? ಇಲ್ಲಿ?” ಎಂದು ಕೇಳುತ್ತಿದ್ದನು. ಒಳಬದಿಯ ಒಂದು ಎಡೆಗೆ ಬಂದಾಗ ಆಕೆ ಕಾಲನ್ನು ಸೆಳೆದುಕೊಂಡು “ಅಯ್ಯೋ, ಅಲ್ಲೇ ಕಣಪ್ಪಾ!” ಎಂದರು. ಆತನು ಪೆನ್ನಿನಿಂದ ಅಲ್ಲಿ ಸಣ್ಣದೊಂದು ವೃತ್ತವನ್ನೆಳೆದು, ತಣ್ಣಗಿನ ಜೆಲ್ ಸವರಿ, ಸಲಕರಣೆಯ ತುದಿಯನ್ನಿಟ್ಟನು. ಟಕಟಕನೆ ಸೆಕೆಂಡಿಗೆ ಹತ್ತರಂತೆ ಪೆಟ್ಟುಗಳು ಬೀಳತೊಡಗಿದುವು. “ಕರೆಂಟೇನಪ್ಪಾ ಇದು?” “ಕರೆಂಟಲ್ಲಮ್ಮ, ಬರೀ ಗಾಳಿ. ತಡ್ಕೊಳ್ಳೋಕಾಗದೆ ಹೋದ್ರೆ ಹೇಳಿ, ಕಮ್ಮಿ ಮಾಡ್ತೀನಿ.” ಎರಡು ಸಾವಿರ ಪೆಟ್ಟುಗಳು ಮೂರು ನಾಲ್ಕು ನಿಮಿಷಗಳಲ್ಲಿ ಮುಗಿದುವು. ವಾರಕ್ಕೊಂದರಂತೆ ಮೂರರಿಂದ ಐದು ಸರದಿ ವಾಡಿಕೆ. ಗರ್ಭಿಣಿಯರಿಗೆ, ರಕ್ತ ಹೆಪ್ಪುಗಟ್ಟದ ದೋಷವುಳ್ಳವರಿಗೆ, ಆ ಎಡೆಯಲ್ಲಿ ಅರ್ಬುದವೋ ಸೋಂಕೋ ಇರುವವರಿಗೆ ಇದು ಸಲ್ಲದು. ಶ್ವಾಸಕೋಶದ ಮೇಲೂ ಬೆಳೆಯುವ ಮಕ್ಕಳ ಎಲುಬಿನ ತುದಿಗಳ ಮೇಲೂ ಇಡುವಂತಿಲ್ಲ. ಹೆಬ್ಬೆರಳಿನಿಂದ ನೋವಿನ ಬಿಂದುವನ್ನು ಹುಡುಕಿ ಗುರುತಿಡುವ ಕ್ರಮವು ಬರೆ ಹಾಕುವವನ ಕ್ರಮವೇ ಎಂಬುದನ್ನು ವಾಚಕರು ಗಮನಿಸಿರಬಹುದು.

ಹೋಲಿಕೆ ಅಷ್ಟಕ್ಕೇ ನಿಲ್ಲುವುದಿಲ್ಲ. ತೈವಾನಿನ ವೈದ್ಯರು ಮೊಲಗಳ ಮೇಲೆ ನಡೆಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಲೆ ತಾಗಿದ ರಜ್ಜು ಎಲುಬುಗಳ ಸಂಧಿಯಲ್ಲಿ ಹೊಸ ರಕ್ತನಾಳಗಳು ಮೂಡಿದುದು ಕಂಡುಬಂದಿತು. ಹೊಸ ರಕ್ತವನ್ನು ಕರೆಯಬೇಕೆಂಬ ಸಾಲೋತ್ರಿಯ ಆಸೆ ಇಲ್ಲಿ ಸುಡದೆಯೇ ಕೈಗೂಡಿತು. ಇನ್ನೊಂದು ಸಂಗತಿ ಇದಕ್ಕಿಂತಲೂ ಆಶ್ಚರ್ಯಕರ. ನೋವಾಗದಿರಲೆಂದು ಮೊದಲೇ ಆ ಸ್ಥಳವನ್ನು ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಈ ಚಿಕಿತ್ಸೆ ಮಾಡಿದರೆ ಫಲವು ಕುಗ್ಗುತ್ತದೆಂದು ಜರ್ಮನಿಯ ಒಂದು ಪರೀಕ್ಷೆಯು 2005ರಲ್ಲಿ ತೋರಿಸಿತು. ಎಂದರೆ ರೋಗಿಯು ನೋವನ್ನು ಅರಿಯುವುದೂ, ಅರಿತು ಬಾಯಿಬಿಟ್ಟು ಹೇಳುವುದೂ ಚಿಕಿತ್ಸೆಯ ಒಂದು ಭಾಗ. ಆದರೆ ಬರೆಗೂ ಇದಕ್ಕೂ ಒಂದು ಮಹದಂತರವುಂಟು. ಬರೆಯ ತೀವ್ರತೆಯನ್ನು ನಿರ್ಧರಿಸುತ್ತಿದ್ದುದು ಕಬ್ಬಿಣದ ಬಣ್ಣ ಮತ್ತು ಹಾಕುವವನ ಧೈರ್ಯ. ಇಲ್ಲಿ ಪೆಟ್ಟುಗಳ ಎಣಿಕೆಯುಂಟು, ಒತ್ತಡದ ಅಳತೆಯುಂಟು, ಚಿಕಿತ್ಸೆ ಪಡೆದವರನ್ನೂ ಹುಸಿಯಂತ್ರ ಇಡಿಸಿಕೊಂಡವರನ್ನೂ ಹೋಲಿಸಿ ನೋಡುವ ಪದ್ಧತಿಯುಂಟು. ಆ ಹೋಲಿಕೆಯು ಯಾವಾಗಲೂ ಯಂತ್ರದ ಪರವಾಗಿ ಬಂದಿಲ್ಲವೆಂಬುದನ್ನೂ ಮರೆಯಬಾರದು. 2002ರಲ್ಲಿ ಆಸ್ಟ್ರೇಲಿಯದಲ್ಲಿಯೂ 2003ರಲ್ಲಿ ಜರ್ಮನಿಯಲ್ಲಿಯೂ ಹಿಮ್ಮಡಿ ನೋವಿನ ಮೇಲೆ ನಡೆದ ದೊಡ್ಡ ಪರೀಕ್ಷೆಗಳಲ್ಲಿ ನಿಜಯಂತ್ರವು ಹುಸಿಯಂತ್ರಕ್ಕಿಂತ ಮೇಲೆನಿಸಲಿಲ್ಲ. ಅದೇ 2003ರಲ್ಲಿ ಭುಜದ ಸುಣ್ಣದ ವಿಷಯದಲ್ಲಿಯೂ, 2008ರಲ್ಲಿ ಬೇರೊಂದು ಕ್ರಮದಿಂದ ಹಿಮ್ಮಡಿಯ ವಿಷಯದಲ್ಲಿಯೂ ಅದು ಗೆದ್ದಿತು. ಭುಜದ ರಜ್ಜುವಿನ ನೋವನ್ನು ಕುರಿತ ಪರೀಕ್ಷೆಗಳನ್ನೆಲ್ಲ ಒಟ್ಟಾಗಿ ತೂಗಿದ 2020ರ ಕಾಕ್ರೇನ್ ಸಮೀಕ್ಷೆಯು ರೋಗಿಗೆ ಗಮನಾರ್ಹವಾದ ಲಾಭವು ಅಲ್ಪವೇ ಎಂದಿತು. ಹಳೆಯ ಹಿಮ್ಮಡಿ ನೋವಿಗೆ ಇದನ್ನು ಪ್ರಯೋಗಿಸಿ ನೋಡುವುದು ಯುಕ್ತ. ಎಲ್ಲ ನೋವಿಗೂ ಇದೇ ಮದ್ದೆಂದು ಬೋರ್ಡು ಬರೆಯಿಸುವುದು ಯುಕ್ತವಲ್ಲ.

ಇಷ್ಟು ಹೇಳಿದ ಮೇಲೆ ಮತ್ತೆ ಕುದುರೆಯ ವಿಷಯಕ್ಕೆ ಬರಬೇಕು. ಆಘಾತ ತರಂಗವನ್ನು ತಾಗಿಸಿದ ಕೆಲವು ದಿನಗಳವರೆಗೆ ಆ ಎಡೆಯ ನೋವು ಮಾತ್ರ ಅಡಗುತ್ತದೆ, ರಜ್ಜುವು ಇನ್ನೂ ಕೂಡಿರುವುದಿಲ್ಲ. ನೋವಿನ ಎಚ್ಚರಿಕೆಯಿಲ್ಲದ ಕುದುರೆಯು ಸರ್ವಶಕ್ತಿಯಿಂದ ಓಡಿ ಅರೆ ಹರಿದ ರಜ್ಜುವನ್ನು ಪೂರ್ತಿ ಹರಿದುಕೊಳ್ಳುವ ಅಪಾಯವಿರುವುದರಿಂದ, ಅಮೆರಿಕದಂತಹ ದೇಶಗಳ ಪಂದ್ಯಗಳ ನಿಯಂತ್ರಕರೂ ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟವೂ ಈ ಚಿಕಿತ್ಸೆ ಪಡೆದ ಕುದುರೆಯು ಗೊತ್ತಾದಷ್ಟು ದಿನಗಳು ಕಳೆಯದೆ ಕಣಕ್ಕಿಳಿಯಕೂಡದೆಂದು ನಿಯಮ ಮಾಡಿದ್ದಾರೆ. ಮನುಷ್ಯನ ರಜ್ಜುವಿನ ಸ್ವಭಾವವೂ ಇದೇ. ಮೊದಲ ಎರಡು ದಿನ ಆ ಅಂಗಕ್ಕೆ ಭಾರ ಬೀಳಬಾರದು. ಆಮೇಲಿನ ವಾರಗಳಲ್ಲಿ ಭಾರವನ್ನು ಅಳೆದು ಏರಿಸುತ್ತ, ಮೆಟ್ಟಿಲ ಅಂಚಿನ ಮೇಲೆ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಇಳಿಸುವಂತಹ ವ್ಯಾಯಾಮಗಳನ್ನು ನಿತ್ಯವೂ ಮಾಡಬೇಕು. ಇಂತಹ ವ್ಯಾಯಾಮವೂ ಆಘಾತ ತರಂಗವೂ ಕೂಡಿದಾಗ ಹಿಮ್ಮಡಿಯ ಹಿಂಬದಿಯ ರಜ್ಜುವಿಗೆ, ಬರಿಯ ವ್ಯಾಯಾಮಕ್ಕಿಂತ ಹೆಚ್ಚು ಗುಣವಾಯಿತೆಂದು 2009ರ ಒಂದು ಪರೀಕ್ಷೆ ಹೇಳುತ್ತದೆ.

ಆದರೆ ಗುಬ್ಬಿಯ ಕಾಯಿ ಸುಲಿಯುವವನಿಗೆ ಆ ವಾರಗಳನ್ನು ಕೊಡುವವರು ಯಾರು? ತುಮಕೂರಿನ ವಸಂತನರಸಾಪುರದ ಕೈಗಾರಿಕಾ ವಲಯದಲ್ಲಿ ಕಾರ್ಮಿಕರ ರಾಜ್ಯ ವಿಮೆಗೆ (ಇ.ಎಸ್.ಐ.) ಸೇರಿದ ನೌಕರನಿಗೆ ಆ ವಿಮೆಯು ವೈದ್ಯರ ಚೀಟಿಯ ಮೇಲೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ನೂರಕ್ಕೆ 70ರಷ್ಟನ್ನು ಕೊಟ್ಟು ಮನೆಯಲ್ಲಿ ಕೂರಿಸುತ್ತದೆ. ಸಾವಿರ ಕಾಯಿಗೆ ಇಷ್ಟೆಂದು ಕೂಲಿ ಎಣಿಸಿಕೊಳ್ಳುವವನು ಆ ವಿಮೆಯ ಹೊರಗೆ ನಿಂತಿದ್ದಾನೆ. ಬೆಳಗ್ಗೆ ಮೊಣಕೈಗೆ ಪೆಟ್ಟು ಹಾಕಿಸಿಕೊಂಡು, ನೋವು ಅಡಗಿದ ಸಂತೋಷದಲ್ಲಿ ಮಧ್ಯಾಹ್ನವೇ ಮೊನೆಯ ಮುಂದೆ ನಿಲ್ಲುವವನು ಅವನೇ. ಮೂರು ತಿಂಗಳ ಮೇಲೆ “ಮಿಷನ್ನಿಂದಲೂ ಏನೂ ಆಗ್ಲಿಲ್ಲ ಸಾರ್” ಎಂದು ಮರಳಿ ಬರುವವನೂ ಅವನೇ. ಇದನ್ನು ಬಲ್ಲ ಚಿಕಿತ್ಸಕರು ಅವನಿಗೆ ವಿಶ್ರಾಂತಿಯನ್ನು ಉಪದೇಶಿಸುವುದಕ್ಕೆ ಮೊದಲು ಅವನ ಕೆಲಸದ ಕ್ರಮವನ್ನು ಕೇಳಿ ತಿಳಿಯುತ್ತಾರೆ: ತೋಟಗಳಲ್ಲಿ ಕೆಲಸ ಕಡಮೆಯಿರುವ ವಾರಗಳನ್ನು ಗೊತ್ತುಮಾಡಿಕೊಂಡು ಸರದಿಗಳನ್ನು ಅಲ್ಲಿಗೆ ಇಡುತ್ತಾರೆ, ಸರದಿಯ ದಿನವೂ ಮರುದಿನವೂ ಸುಲಿಯುವ ಬದಲು ಕಾಯಿ ಎಣಿಸಿ ಹಾಕುವ ಕೆಲಸಕ್ಕೆ ನಿಲ್ಲಿಸುವಂತೆ ಮೇಸ್ತ್ರಿಗೆ ಹೇಳಿಸುತ್ತಾರೆ, ಮೊಣಕೈ ಅಷ್ಟಾಗಿ ತಿರುಚದಂತೆ ಮೊನೆಯನ್ನು ಆಳಿನ ಎತ್ತರಕ್ಕೆ ಸರಿಯಾಗಿ ನೆಡುವುದನ್ನು ತೋರಿಸಿಕೊಟ್ಟು, ಮಣಿಕಟ್ಟಿನ ವ್ಯಾಯಾಮವನ್ನು ಅರ್ಧ ತುಂಬಿದ ನೀರಿನ ಬಾಟಲಿ ಹಿಡಿದು ಮಾಡುವುದನ್ನು ಕಲಿಸಿ ಕಳುಹಿಸುತ್ತಾರೆ.